ಹಿಮ್ಮುಖವಾಗಿ ಹತ್ತಿದ ಲಾರಿ

ಮೂವತ್ತರ ದಶಕದ ಒಂದು ಬೇಸಿಗೆ, ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು, ಯಲ್ಲಾಪುರದ ಕೆಳಗಿನ ಅರಬೈಲ್ ಘಟ್ಟದಲ್ಲಿ ನಾನು ರಸ್ತೆಯ ಗುಡ್ಡದ ಬದಿಗೆ ನಿಂತಿದ್ದೆ. ಉಪ್ಪಿನ ಮೂಟೆ ಹೇರಿದ್ದ ಹಳೆಯ ಲಾರಿ ಏರಿನಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತ್ತು. ಅದರಲ್ಲಿ ಬಂದಿದ್ದ ನಾನೂ ವಜ್ರಳ್ಳಿಯ ಒಬ್ಬ ಹೆಂಗಸೂ ಇಳಿದಿದ್ದೆವು.

"ಎಂತ ಆತು ಮಾರಾಯ? ನಿನ್ನ ಗಾಡಿಗೂ ದಮ್ಮಾ?" ಎಂದರು ಆಕೆ.

ಡ್ರೈವರ್ ಪೆಟ್ರೋಲಿನ ಕೊಳವೆ ಬಿಚ್ಚಿದ. ತೊಟ್ಟು ತೊಟ್ಟಾಗಿ ಬರುತ್ತಿತ್ತು.

"ಟಾಕಿ ಸೀಟಿನ ಕೆಳಗದೆ ಅಮ್ಮಾ. ಏರಿನಲ್ಲಿ ಮೂತಿ ಮೇಲಾದ್ರೆ ಇಂಜಿನ್ನಿಗೆ ಪೆಟ್ರೋಲ್ ಸರಿಯಾಗಿ ಹರಿಯೂದಿಲ್ಲ. ಖಾಲಿ ಗಾಡಿಗೆ ಇಷ್ಟು ಸಾಕು, ಭಾರಕ್ಕೆ ಸಾಲೂದಿಲ್ಲ. ತಿರುಗಿಸಿ ಹಿಂದೆ ಹಿಂದೆ ಹತ್ತಿಸ್ತೇನೆ."

ಕ್ಲೀನರ್ ಅವನ ಚಿಕ್ಕಪ್ಪ. ಗಾಡಿ ನಿಂತರೆ ಜಾರದಂತೆ ಗಾಲಿಗೆ ಕೊಡುವ ಮರದ ತುಂಡು ಯಾವಾಗಲೂ ಆತನ ಕೈಯಲ್ಲಿರುತ್ತಿತ್ತು. "ಚಾಚಾ, ಹುಷಾರು" ಎಂದು ಡ್ರೈವರ್ ಹತ್ತಿ ಕೂತ.

ಲಾರಿ ತಿರುಗಿದ ಮೇಲೆ ಇಳಿಜಾರು ಅದರ ಮೂತಿಯ ಕಡೆಗಿತ್ತು. ಜಾರಿದರೆ ಗಾಡಿ ಆ ಕಡೆಗೇ ಜಾರುವುದು, ಹಾಗಾಗಿ ಚಿಕ್ಕಪ್ಪ ಮೂತಿಯ ಮುಂದೆ ನಡೆಯಬೇಕಿತ್ತು. ಆದರೆ ವರ್ಷಗಳ ರೂಢಿಯಂತೆ ಲಾರಿಯ ಹಿಂದೆಯೇ ಹೋದ. ಅದು ತಪ್ಪೆಂದು ನಮಗೂ ಹೊಳೆಯಲಿಲ್ಲ. ಗಾಲಿಯನ್ನೇ ನೋಡುತ್ತ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದವನು ಎಡವಿ ಬಿದ್ದ. ಮೂಟೆಗಳ ಮರೆಯಲ್ಲಿ ಡ್ರೈವರನಿಗೆ ಕಾಣಲಿಲ್ಲ. ನಾವು ಕೂಗಿದೆವು. ಇಂಜಿನ್ನಿನ ಸದ್ದಿನಲ್ಲಿ ಅದು ಅವನಿಗೆ ಕೇಳಲಿಲ್ಲ. ಗಾಲಿ ಮೈಮೇಲೆ ಹತ್ತಿ ಲಾರಿ ಕುಲುಕಿದಾಗಲೇ ಅವನು ನಿಲ್ಲಿಸಿದ್ದು.

ಹಾಗೆ ಹಿಂದೆ ಹಿಂದೆ ಹತ್ತುವಾಗ ಇಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಅವನು ಇಳಿದು ಬಂದು ಉಸಿರು ನಿಂತಿದ್ದ ಚಿಕ್ಕಪ್ಪನ ಪಕ್ಕ ಮಂಡಿಯೂರಿದಾಗಲೂ ಹದವಾಗಿ ಓಡುತ್ತಲೇ ಇತ್ತು.

ಬಿದ್ದದ್ದನ್ನು ನೋಡಿದವರು ನಾವಿಬ್ಬರೇ. ಆ ಹೆಂಗಸು ವಜ್ರಳ್ಳಿಯಲ್ಲಿ ಇನ್ನೂ ಇದ್ದಾರೆ; ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ.