ಗೆನ್ಯಾಳ ಸಿಸ್ಟರ್

ಸಿಸ್ಟರ್ ಗೆನ್ಯಾ ಸನ್ಯಾಸಿನಿಯೆಂದು ನಾನು ನಂಬಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಆಸ್ಪತ್ರೆಯ ನರ್ಸೂ ಸಿಸ್ಟರ್, ಮಠದವರೂ ಸಿಸ್ಟರ್. ಚೆಂಸ್ತೋಹೋವಾದ ಮಾತೆಯ ಚರ್ಚಿಗೆ ಪಾದಯಾತ್ರೆ ಹೊರಟರಂತೂ ಜೊತೆಗಿರುವ ಹೆಂಗಸರೆಲ್ಲ ಸಿಸ್ಟರ್, ಗಂಡಸರೆಲ್ಲ ಬ್ರದರ್. ಹೊರಡುವಾಗಲೇ ಫಾದರ್ ಇದನ್ನು ಹೇಳಿದ್ದರಂತೆ. ಆ ಹೊತ್ತಿನಲ್ಲಿ ನಾನು ಹೊಸ ಶೂಗಳ ಜೊತೆ ಜಗಳವಾಡುತ್ತಿದ್ದೆ.

ಆ ಶೂಗಳೇ ನನ್ನನ್ನು ಗೆನ್ಯಾಳ ಮುಂದೆ ಕೂರಿಸಿದವು. ಗ್ದೀನಿಯಾ ಊರಿನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಿ ಸಂಬಳ ಎಣಿಸುವ ಕಾಯೆತಾನ್ ಎಂಬ ನನಗೆ ನನ್ನ ಹಿಮ್ಮಡಿಯೇ ಪಂಕ್ಚರ್ ಆದದ್ದು ನೋಡಿ ಮೊದಲ ದಿನ ಇಡೀ ಗುಂಪು ನಕ್ಕಿತ್ತು. ಅವಳು ಬೋರಲು ಹಾಕಿದ ಬಕೆಟ್ ಮೇಲೆ ಕೂತು ನನ್ನ ಬೊಕ್ಕೆಯ ನೀರಿಳಿಸಲು ಸೂಜಿ-ದಾರ ಪೋಣಿಸುತ್ತಿದ್ದರೆ, ನಾನು ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡು, ಭಕ್ತಿಯಿಂದ ಕೇಳಿದೆ: “ಸಿಸ್ಟರ್, ನಿಮ್ಮದು ಯಾವ ಮಠ?”

“ಹಾಯಿ ಹೊಲಿಯೋ ಮಠ,” ಅಂದಳು.

ಅಂಥದ್ದೊಂದು ಪಂಥವಿರಬಹುದು ಅಂದುಕೊಂಡೆ. ಅಷ್ಟರಲ್ಲಿ ಗಾಳಿಗೆ ಅವಳ ಹತ್ತಿಯುಂಡೆಗಳು ಹಾರಿಹೋದವು. ಆಗ ಅವಳ ಬಾಯಿಂದ ಹೊರಟ ಮಾತನ್ನು ನಮ್ಮ ಅಂಗಡಿಯಲ್ಲಿ ಲಾರಿ ಚಾಲಕರೂ ಆಡಿದ್ದಿಲ್ಲ. ನನ್ನ ತೆರೆದ ಬಾಯಿ ನೋಡಿ, “ಏನೋ ಮರಿ, ನಾನು ಬಂದರಿನ ಹತ್ತಿರ ದೋಣಿಗಳಿಗೆ ಹಾಯಿ ಹೊಲಿಯೋಳು. ಮೂರು ಮಕ್ಕಳನ್ನ ಹೆತ್ತಿದ್ದೀನಿ. ಮಠದವರು ನನ್ನನ್ನ ಗೇಟಿನ ಒಳಗೂ ಬಿಡಲ್ಲ,” ಅಂದಳು.

ಅಂದಿನಿಂದ ಅವಳ ನೀರಿನ ಬಕೆಟ್ ಹೊರುವ ಕೆಲಸ ನನ್ನದಾಯಿತು. ಟೈರಿನವನಿಗೆ ಸೋರುವ ವಸ್ತುಗಳ ಬಗ್ಗೆ ತಿಳಿದಿರುತ್ತದೆ ಎಂಬುದು ಅವಳ ವಾದ.

ಗೆನ್ಯಾ ಗಟ್ಟಿ ಹೆಂಗಸು. ದಪ್ಪ ಬಟ್ಟೆಗೆ ಸೂಜಿ ತಳ್ಳಿ ತಳ್ಳಿ ಅವಳ ಹೆಬ್ಬೆರಳು ಸೌಟಿನ ಹಾಗೆ ಅಗಲವಾಗಿತ್ತು. ನಡೆಯುವಾಗ ಎಲ್ಲರಿಗಿಂತ ಮುಂದೆ, ಹಾಡುವಾಗ ಎಲ್ಲರಿಗಿಂತ ಶ್ರುತಿ ತಪ್ಪಿ. ಗಂಡ ಎದೆಕ್ ಸತ್ತ ಮರುವರ್ಷ ಮೊದಲ ಸಲ ಹೊರಟವಳು, ಆಮೇಲೆ ಯಾವ ಆಗಸ್ಟನ್ನೂ ಬಿಟ್ಟಿಲ್ಲ. ನಮ್ಮ ಪಾದಗಳಿಗೆ ಮದ್ದು ಹಚ್ಚುತ್ತ ಅಪರಿಚಿತರನ್ನೆಲ್ಲ ಸಲಿಗೆಯಿಂದ ಬೈಯುತ್ತಿದ್ದಳು. ಬೈಸಿಕೊಂಡವರು ಮರುದಿನ ಬೊಕ್ಕೆಯಿಲ್ಲದಿದ್ದರೂ ಬಂದು ಕೂರುತ್ತಿದ್ದರು.

ಅಂಥವಳು ಲಿಪೂವ್ಕಾ ಹಳ್ಳಿಯಲ್ಲಿ ಮಾತ್ರ ಪ್ರತಿ ವರ್ಷವೂ ಮಂಕಾಗುತ್ತಿದ್ದಳಂತೆ. ಆ ಹಳ್ಳಿಯಲ್ಲೇ ನಮಗೆ ವಿಶ್ರಾಂತಿಯ ದಿನ. ಉಳಿದವರು ಯಾರ್ಯಾರದೋ ಮನೆಗಳಲ್ಲಿ ಮಿಂದು, ಉಂಡು, ಹಾಸಿಗೆಯಲ್ಲಿ ಉರುಳುತ್ತಿದ್ದರೆ ಗೆನ್ಯಾ ಚರ್ಚಿನ ಅಂಗಳ ದಾಟುತ್ತಿರಲಿಲ್ಲ. ಕಾರಣವನ್ನು ಸಾಮಾನಿನ ಲಾರಿ ಓಡಿಸುವ ಬ್ರದರ್ ಝೆನೊನ್ ನನಗೆ ಹೇಳಿದ. ಅವಳ ಒಡಹುಟ್ಟಿದ ಅಕ್ಕ ಫೆಲಾ ಇದ್ದದ್ದು ಅದೇ ಹಳ್ಳಿಯಲ್ಲಿ, ಚರ್ಚಿನಿಂದ ಕಾಣುವ ಹಸಿರು ಬಾಗಿಲಿನ ಮನೆಯಲ್ಲಿ. ಎದೆಕ್‌ನ ಮಣ್ಣಿಗೆ ಅವಳು ಬಂದಿರಲಿಲ್ಲ. ಆಲೂಗಡ್ಡೆ ಅಗೆಯುವ ದಿನ, ಆಳುಗಳು ಬಂದಿದ್ದಾರೆ ಎಂದು ಹೇಳಿ ಕಳಿಸಿದ್ದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಈಗ ಫೆಲಾ ಮನೆ ಮಾರಿ, ಮಗನಿರುವ ವ್ರೊತ್ಸ್ವಾಫ್‌ಗೆ ಹೊರಟಿದ್ದಳು. ಮುಂದಿನ ಆಗಸ್ಟಿಗೆ ಆ ಹಸಿರು ಬಾಗಿಲ ಹಿಂದೆ ಬೇರೆ ಯಾರೋ ಇರುತ್ತಾರೆ. ಮಾತಾಡುವುದಿದ್ದರೆ ಈ ವಿಶ್ರಾಂತಿಯ ದಿನವೇ ಕೊನೆ.

ಝೆನೊನ್ ಇದನ್ನೆಲ್ಲ ಹೇಳಿದ್ದು ಸಂಜೆ. ನಾನು ಎಡವಟ್ಟು ಮಾಡಿದ್ದು ಬೆಳಿಗ್ಗೆ.

ಚರ್ಚಿನ ಅಂಗಳದ ಪಕ್ಕದ ಸ್ಮಶಾನದ ಬೇಲಿಯ ಮೇಲೆ ನಮ್ಮ ಕಾಲುಚೀಲಗಳು ಒಣಗುತ್ತಿದ್ದವು. ಲಿಂಡನ್ ಮರದ ಕೆಳಗೆ ಗೆನ್ಯಾ ಬಕೆಟ್ ಮೇಲೆ ಕೂತಿದ್ದಳು, ಬೆಂಚಿನ ತುಂಬ ಬರಿಗಾಲುಗಳ ಸಾಲು. ಗೇಟಿನ ಬಳಿ ಒಬ್ಬ ಹೆಂಗಸು ಬಂದು ನಿಂತಳು. ಒಳಗೆ ಬರಲೋ ಬೇಡವೋ ಎಂಬಂತೆ ಅಗುಳಿಯನ್ನು ಹಿಡಿದೇ ಇದ್ದಳು.

“ಗೆನ್ಯಾ ಇದ್ದಾಳೇನಪ್ಪ?”

“ಇದ್ದಾರೆ. ನೀವು ಯಾರು?”

“ನಾನು ಅವಳ ಸಿಸ್ಟರ್.”

ಇಷ್ಟು ದಿನ ನಡೆದು ಅಂತೂ ಪಾಠ ಕಲಿತಿದ್ದೇನೆಂಬ ಹೆಮ್ಮೆ ನನಗೆ. “ಸಂತೋಷ, ನಾನು ಅವರ ಬ್ರದರ್,” ಅಂದೆ. “ಆ ಬೆಂಚ್ ಮೇಲೆ ಕೂತಿರೋರೂ ಅಷ್ಟೇ, ಎಲ್ಲ ಅವರ ಅಕ್ಕತಂಗೀರೇ. ಶೂ ಬಿಚ್ಚಿ ಸಾಲಲ್ಲಿ ಕೂತ್ಕೊಳಿ, ಮಧ್ಯೆ ನುಗ್ಗಬಾರದು.”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಹೋಗಿ, ಕಪ್ಪು ಶೂ ಬಿಚ್ಚಿ, ಉದ್ದ ಕಾಲುಚೀಲವನ್ನು ಮಡಚಿ ಮಡಿಲಲ್ಲಿಟ್ಟುಕೊಂಡು, ಸಾಲಿನ ಕೊನೆಯಲ್ಲಿ ಕೂತಳು.

ಗೆನ್ಯಾ ಕೆಲಸ ಮಾಡುವಾಗ ಮುಖ ನೋಡುವವಳಲ್ಲ. ಒಂದು ಪಾದ ಬಿಟ್ಟರೆ ಮುಂದಿನದು. ಆ ಹೆಂಗಸಿನ ಸರದಿ ಬಂದಾಗ ಪಾದವನ್ನು ತೊಡೆಯ ಮೇಲೆಳೆದುಕೊಂಡು, “ಎಲ್ಲಿ ನೋವು?” ಅಂದಳು.

ಪಾದವನ್ನು ಅತ್ತಿತ್ತ ತಿರುಗಿಸಿ ನೋಡಿದಳು.

“ಬೊಕ್ಕೆ ಇಲ್ಲ, ಚರ್ಮ ಕಿತ್ತಿಲ್ಲ. ಈ ಕಾಲು ಅಡುಗೆಮನೆಯಿಂದಾಚೆ ಹೋಗೇ ಇಲ್ಲ! ಕಾಯೆತಾನ್, ಇವರನ್ನ ಯಾಕೋ ಕೂರಿಸ್ದೆ?”

ನಾನು ಉತ್ತರ ಹುಡುಕುವಷ್ಟರಲ್ಲಿ ಅವಳ ಕೈ ನಿಂತಿತು. ಆ ಪಾದದ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಗೆನ್ಯಾಳ ಚಪ್ಪಲಿಯಲ್ಲಿದ್ದ ಕಿರುಬೆರಳೂ ಹಾಗೆಯೇ ಕೂತಿರುವುದು ಆಗ ನನ್ನ ಕಣ್ಣಿಗೆ ಬಿತ್ತು.

ಗೆನ್ಯಾ ತಲೆಯೆತ್ತಲಿಲ್ಲ. ಪಾದವನ್ನು ಕೆಳಗಿಳಿಸಲೂ ಇಲ್ಲ. ಪಕ್ಕದ ಬಕೆಟ್ಟಿನಿಂದ ನೀರು ಮೊಗೆದು ಆ ಕಾಲನ್ನು ತೊಳೆಯತೊಡಗಿದಳು. ನಮ್ಮ ಕಾಲುಗಳನ್ನು ಎಂದೂ ಅಷ್ಟು ನಿಧಾನವಾಗಿ ತೊಳೆದಿರಲಿಲ್ಲ.

“ಆಲೂಗಡ್ಡೆ ಅಗೆದು ಮುಗೀತಾ?” ಎಂದಳು.

“ಆ ವರ್ಷದ್ದು ಪೂರಾ ಕೊಳೆತು ಹೋಯ್ತು ಕಣೇ,” ಅಂದಳು ಫೆಲಾ. “ಒಂದು ಗೆಡ್ಡೆ ಉಳೀಲಿಲ್ಲ.”

“ಒಳ್ಳೇದಾಯ್ತು.”

“ಗೊತ್ತಿತ್ತು ನೀನು ಹಿಂಗಂತೀಯ ಅಂತ. ಅದಕ್ಕೇ ಹೇಳಿರಲಿಲ್ಲ.” ಫೆಲಾ ಮಡಿಲಲ್ಲಿದ್ದ ಕಾಲುಚೀಲವನ್ನು ಮತ್ತೆ ಮಡಚಿದಳು. “ಬರಬೇಕಿತ್ತು ಗೆನ್ಯಾ. ಹೊಲದಲ್ಲಿ ನಿಂತೇ ಅಂದ್ಕೊಂಡೆ, ಬರಬೇಕಿತ್ತು ಅಂತ. ಆಮೇಲೆ ನಿನ್ನ ಮುಖ ನೋಡೋ ಧೈರ್ಯ ಆಗಲಿಲ್ಲ.”

ಗೆನ್ಯಾ ಇನ್ನೊಂದು ಕಾಲನ್ನು ಕೈಚಾಚಿ ಕೇಳಿದಳು. ಅದನ್ನೂ ತೊಳೆದು, ಒರೆಸಿ, ಬೇಕಿಲ್ಲದಿದ್ದರೂ ಮುಲಾಮು ಹಚ್ಚಿದಳು. ಫೆಲಾ ಮೂಗು ಒರೆಸಿಕೊಂಡು, ಶೂ ಮೆಟ್ಟಿ ಎದ್ದು, “ಅಡುಗೆ ಆಗಿದೆ. ಬರೋದಾದ್ರೆ ಬಾ,” ಅಂದಳು. ಆಮೇಲೆ ನನ್ನ ಕಡೆ ಗದ್ದ ಎತ್ತಿ ತೋರಿಸಿ, “ಈ ನಿನ್ನ ಬ್ರದರ್‌ನ ಮಾತ್ರ ಕರ್ಕೊಂಡು ಬರಬೇಡ,” ಅಂದು ಗೇಟು ದಾಟಿ ನಡೆದಳು.

ಗೆನ್ಯಾ ಬಕೆಟ್ಟಿನಿಂದೆದ್ದು ಕೈ ತೊಳೆದಳು, ತಲೆವಸ್ತ್ರ ಬಿಚ್ಚಿ ಕಟ್ಟಿದಳು, ಮತ್ತೆ ಬಿಚ್ಚಿ ಕಟ್ಟಿದಳು. ಅಂಗಳ ಖಾಲಿಯಾಗತೊಡಗಿತ್ತು. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಆದರೆ ಬಾಯಿ ಕೇಳಬೇಕಲ್ಲ.

“ಸಿಸ್ಟರ್, ಅವರನ್ನ ಕ್ಷಮಿಸಿಬಿಟ್ರಾ?”

“ಇಲ್ಲ,” ಅಂದಳು. “ಹಸಿವಾಗಿದೆ, ದಾರಿ ಬಿಡು.”