ಹೆಡ್‌ಮಾಸ್ಟರ ಹದಿನೇಳು

ಇಪ್ಪತ್ತಾರು ವರ್ಷ ಎಂಟನೇ ತರಗತಿಗೆ ಗಣಿತ ಹೇಳಿದ ಮೇಲೆ ಆ ಮೇಡಂಗೆ ಉತ್ತರಪತ್ರಿಕೆಯ ಕಟ್ಟು ಕಂಡರೆ ರೇಜಿಗೆಯಾಗುತ್ತಿತ್ತು. ಬಹುಪದೋಕ್ತಿಯನ್ನು ಎರಡು ತಿಂಗಳು ಅರೆದು ಕುಡಿಸಿದರೂ ಅದೇ ಹಾಡು. ಎ ಮತ್ತು ಬಿ ಕೂಡಿಸಿ ವರ್ಗ ಮಾಡಿ ಎಂದರೆ ಎ ವರ್ಗ, ಬಿ ವರ್ಗ ಬರೆದು, ನಡುವಿನ ‘ಎರಡು ಎಬಿ’ಯನ್ನು ಮಕ್ಕಳು ಗುಳುಂ ಮಾಡುತ್ತಿದ್ದರು. ಕೊನೆಕೊನೆಗೆ ಆಕೆ ಓದುವುದನ್ನೇ ಬಿಟ್ಟರು. ಹೆಡ್‌ಮಾಸ್ಟರು ಪ್ರತಿ ವರ್ಷ ಬರೆದುಕೊಡುವ ಉತ್ತರಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಕೊನೆಯ ಸಾಲಷ್ಟೇ ನೋಡಿ ಕೆಂಪು ಗೀಟು ಎಳೆಯುತ್ತಿದ್ದರು.

ಊಟದ ಬಿಡುವಿನಲ್ಲಿ ದರ್ಜಿಯ ಮಗಳು ಪತ್ರಿಕೆ ಹಿಡಿದು ಬಂದಳು.

“ಮೇಡಂ, ಇದ್ಯಾಕೆ ತಪ್ಪು?”

“ಪಟ್ಟಿಯಲ್ಲಿ ಹದಿನೇಳು. ನೀನು ಹದಿಮೂರು ಬರ್ದಿದೀಯ. ಹೋಗು.”

“ಲಂಬಕೋನ ತ್ರಿಭುಜದ ಬಾಹುಗಳು ಐದು, ಹನ್ನೆರಡು. ವಿಕರ್ಣ ಹದಿನೇಳಾದ್ರೆ ಎರಡೂ ಬಾಹು ನೆಟ್ಟಗೆ ಮಲಗಿಬಿಡ್ತವೆ. ತ್ರಿಭುಜ ಎಲ್ಲಿರುತ್ತೆ ಮೇಡಂ?”

ಮೇಡಂ ಮುಖ ಕಪ್ಪಿಟ್ಟಿತು. ಇಪ್ಪತ್ತೈದಕ್ಕೆ ನೂರ ನಲವತ್ತನಾಲ್ಕು ಸೇರಿದರೆ ನೂರ ಅರವತ್ತೊಂಬತ್ತು. ಅದರ ವರ್ಗಮೂಲ ಹದಿಮೂರು. ಹೆಡ್‌ಮಾಸ್ಟರು ಐದಕ್ಕೆ ಹನ್ನೆರಡು ಕೂಡಿಸಿ ಕೈತೊಳೆದುಕೊಂಡಿದ್ದರು. ತಾವೂ ಕಣ್ಣುಮುಚ್ಚಿ ಗೀಟೆಳೆದದ್ದು ನೆನೆದು ಆಕೆಗೆ ಅನ್ನದಲ್ಲಿ ಹುಳ ಕಂಡಂತಾಯಿತು. ಎರಡು ಅಂಕ ಸಾಲದೆ ಆ ಹುಡುಗಿ ನಪಾಸಾಗಿದ್ದಳು, ಇನ್ನೊಂದು ವರ್ಷ ಅದೇ ಬೆಂಚಿನಲ್ಲಿ ಕೂರಬೇಕಿತ್ತು. ಈ ಲೆಕ್ಕಕ್ಕೆ ಮೂರು ಅಂಕ. ಮೇಡಂ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಹೆಡ್‌ಮಾಸ್ಟರ ಕೋಣೆಗೆ ಹೋದರು.

“ಪಟ್ಟಿ ಆಯ್ತು ಅಂದ್ರೆ ಆಯ್ತು ಮೇಡಂ,” ಎಂದರು ಹೆಡ್‌ಮಾಸ್ಟರು. “ಹದಿನೇಳು ಬರೆದೋರು ಇಪ್ಪತ್ತು ಜನ ಇದಾರೆ. ಅವಳೊಬ್ಳೇ ಬೃಹಸ್ಪತೀನಾ?”

ಮೇಡಂ ವಾದಕ್ಕಿಳಿಯಲಿಲ್ಲ. ಆಟದ ಮೇಷ್ಟ್ರ ಟೇಪು ತಂದು, ಕೋಣೆಯ ಮೂಲೆಯಿಂದ ಒಂದು ಗೋಡೆಗುಂಟ ಐದು ಟೈಲ್ಸ್, ಇನ್ನೊಂದು ಗೋಡೆಗುಂಟ ಹನ್ನೆರಡು ಎಣಿಸಿ ಸೀಮೆಸುಣ್ಣದ ಗುರುತು ಹಾಕಿದರು. ಟೈಲ್ಸ್ ಒಂದೊಂದೂ ಒಂದಡಿ.

“ಈ ತುದಿ ಹಿಡ್ಕೊಳ್ಳಿ ಸಾರ್.”

ಹೆಡ್‌ಮಾಸ್ಟರು ಏದುಸಿರು ಬಿಡುತ್ತ ಕುಕ್ಕರುಗಾಲಲ್ಲಿ ಕೂತು ಹಿಡಿದರು. ಟೇಪು ಹದಿಮೂರಡಿ ತೋರಿಸಿತು. ಅವರು ಕನ್ನಡಕ ಏರಿಸಿ ಎರಡು ಸಲ ನೋಡಿದರು.

“ಟೈಲ್ಸ್ ಹಾಕಿದವನು ಸೊಟ್ಟ ಹಾಕಿದಾನೆ,” ಎಂದರು.

ಮೇಡಂಗೆ ಸಿಟ್ಟು ಬರಲಿಲ್ಲ, ಅಸಹ್ಯವಾಯಿತು. ಹೆಡ್‌ಮಾಸ್ಟರ ಮೇಜಿನ ಮೇಲೆಯೇ ಕಟ್ಟು ಬಿಚ್ಚಿ, ಹುಡುಗಿಗೆ ಮೂರು ಅಂಕ ಕೊಟ್ಟು, ಹದಿನೇಳು ಬರೆದವರೆಲ್ಲರಿಂದ ಕಿತ್ತುಕೊಂಡು, ಒಂದೊಂದಕ್ಕೂ ಸಹಿ ಹಾಕಿದರು.

“ಅದ್ರಲ್ಲಿ ನನ್ನ ತಂಗಿ ಮಗ ಇದಾನೆ!”

“ಅವನಿಗೂ ಟೇಪು ಕೊಡಿ.”

ಹುಡುಗಿ ಒಂಬತ್ತನೆಯ ತರಗತಿಗೆ ಹೋದಳು. ಹೆಡ್‌ಮಾಸ್ಟರು ಮೇಡಂನ ಗಣಿತದ ಪೀರಿಯಡ್‌ಗಳನ್ನು ಕಿತ್ತುಕೊಂಡು, ಆಕೆಯನ್ನು ಗ್ರಂಥಾಲಯಕ್ಕೆ ಹಾಕಿದರು. ಗ್ರಂಥಾಲಯ ವಹಿಸಿಕೊಂಡ ದಿನವೇ ಆಕೆ ಜವಾನನನ್ನು ಕರೆದು, ತಾವು ಪಟ್ಟಿ ನೋಡಿ ಗೀಟೆಳೆದ ಹಳೆಯ ವರ್ಷಗಳ ಉತ್ತರಪತ್ರಿಕೆಗಳನ್ನು ತರಲು ಹೇಳಿದರು.

“ಅವೆಲ್ಲ ಅವಾಗವಾಗ್ಲೇ ರದ್ದಿಗೆ ಹಾಕ್ಬಿಡ್ತೀವಲ್ಲ ಮೇಡಂ,” ಎಂದ ಅವನು. “ಯಾಕೆ, ಏನಾದ್ರೂ ಬೇಕಿತ್ತಾ?”