ಅಟ್ಟದ ಮೇಲೆ ಉಳಿದ ಮೂಟೆಗಳು

ಇದನ್ನು ಹೇಳಬೇಕು ಅಂದುಕೊಂಡೇ ಎಷ್ಟೋ ಮಳೆಗಾಲ ಕಳೆದವು. ಕೊಯ್ಲು ಮುಗಿಯಲಿ, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆದರಾಯಿತು ಎಂದು ಮುಂದೂಡುತ್ತಲೇ ಬಂದೆ. ಈಗ ಕೊಯ್ಲಿಗೆ ನನ್ನನ್ನು ಯಾರೂ ಕರೆಯುವುದಿಲ್ಲ, ಕಣ್ಣೂ ಕಾಣುತ್ತಿದೆ. ಹೇಳಲು ಬೇರೆ ನೆಪ ಉಳಿದಿಲ್ಲ.

ಯಸಳೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಆಳುಗಳ ಹಾಜರಿ ಹಾಕುವುದು, ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವುದು ನನ್ನ ಕೆಲಸ. ಓದಿದ್ದು ಹೈಸ್ಕೂಲು. ಆದರೆ ಸಾಹುಕಾರರ ಪೇಪರನ್ನು ಅವರಿಗಿಂತ ಮೊದಲು ನಾನೇ ಓದುತ್ತಿದ್ದೆ. ಸರ್ಕಾರ ಏನು ಮಾಡಿತು, ಕರಿಮೆಣಸಿನ ರೇಟು ಎಲ್ಲಿಗೆ ಹೋಯಿತು ಎಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಜನ ನನ್ನನ್ನೇ ಕೇಳುತ್ತಿದ್ದರು. ಆ ಜಂಬ ನನಗೆ ತುಂಬ ಇತ್ತು.

ತಂಗಿಯನ್ನು ಪಾಳ್ಯದ ಕಡೆ ಕೊಟ್ಟಿದ್ದೆವು. ಅವಳ ಗಂಡ ತೋಟಗಳಲ್ಲಿ ಮೆಣಸು ಕೊಯ್ಯುತ್ತಿದ್ದ. ಒಂದು ಬೇಸಿಗೆ, ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಹಾಕಿದ್ದ ಏಣಿ ಜಾರಿತು. ಹಾಸನದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಹೋಗಿಬಿಟ್ಟ. ತೋಟದವರು ಕೊಟ್ಟ ಪರಿಹಾರದ ದುಡ್ಡನ್ನು ತಂಗಿ ಬ್ಯಾಂಕಿನಲ್ಲಿ ಠೇವಣಿ ಇಟ್ಟಳು. ಅವಳಿಗೆ ಒಬ್ಬಳೇ ಮಗಳು, ಆಗ ಪಿಯುಸಿ. ಆ ನಾಲ್ಕು ದಿನ ಆಸ್ಪತ್ರೆಯ ನರ್ಸುಗಳನ್ನು ನೋಡಿದ್ದ ಹುಡುಗಿ, ತಾನೂ ನರ್ಸಿಂಗ್ ಓದುತ್ತೇನೆ ಎಂದು ಹಠ ಹಿಡಿದಿದ್ದಳು. ಠೇವಣಿ ಇದ್ದದ್ದೇ ಅದಕ್ಕೆ.

ಠೇವಣಿಯ ಅವಧಿ ಮುಗಿದು ಮತ್ತೆ ಇಡಲು ಹೋದಾಗ ಬಡ್ಡಿ ಇಳಿದಿತ್ತು. ತಂಗಿ ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದಳು, ಜೊತೆಗೆ ಮಗಳು.

"ಬಡ್ಡಿ ಕಮ್ಮಿ ಮಾಡ್ಬುಟ್ಟವ್ರೆ ಕಣಣ್ಣ. ಹಿಂಗಾದ್ರೆ ಇವಳ ಓದಿಗೆ ಸಾಕಾಗಲ್ಲ."

"ಬ್ಯಾಂಕಲ್ಲಿ ಯಾಕಿಡ್ತೀಯ? ಮೆಣಸು ತಗೊಂಡು ಇಡು. ಕೊಳೆಯಲ್ಲ, ಹುಳ ಬೀಳಲ್ಲ. ಕೂತಲ್ಲೇ ಬೆಳೀತದೆ."

ನಮ್ಮ ಕಡೆ ಇದು ವಿಚಿತ್ರದ ಮಾತಲ್ಲ. ಚೆನ್ನಾಗಿ ಒಣಗಿಸಿ ಮೂಟೆ ಕಟ್ಟಿದ ಮೆಣಸು ಅಟ್ಟದ ಮೇಲೆ ವರ್ಷಗಟ್ಟಲೆ ಇರುತ್ತದೆ, ಕಷ್ಟಕ್ಕೆ ಒಂದೊಂದೇ ಇಳಿಸುತ್ತಾರೆ. ಆದರೆ ಹಾಗೆ ಇಡುವುದು ಅವರವರು ಬೆಳೆದದ್ದನ್ನು. ಠೇವಣಿ ಮುರಿದು ಕಂಡವರ ಮೆಣಸು ಕೊಂಡು ಇಡುವುದನ್ನು ಯಾರೂ ಮಾಡಿರಲಿಲ್ಲ. ನಾನು ಮಾಡಿಸಿದೆ.

ಹುಡುಗಿ ಬೇಡ ಎಂದಳು. "ಅಪ್ಪನ್ನ ತಿಂದಿದ್ದೇ ಮೆಣಸು ಮಾವ. ಆ ದುಡ್ಡಲ್ಲಿ ಮತ್ತೆ ಮೆಣಸೇ ತರ್ಬೇಕಾ? ಬಡ್ಡಿ ಕಮ್ಮಿಯಾದ್ರೂ ಬ್ಯಾಂಕಲ್ಲೇ ಇರ್ಲಿ."

"ಓಹೋ, ಹಣಕಾಸು ಮಂತ್ರಿಗಳು ಬಂದ್ರು, ಜಾಗ ಬುಡ್ರಪ್ಪ!" ಎಂದೆ ನಾನು. "ಮೊದ್ಲು ಪಿಯುಸಿ ಪಾಸಾಗವ್ವ, ಆಮೇಲೆ ನಂಗೆ ಬುದ್ಧಿ ಹೇಳೀಯಂತೆ."

ಎಲ್ಲರೂ ನಕ್ಕರು, ತಂಗಿಯೂ. ಹುಡುಗಿ ನಗಲಿಲ್ಲ.

ತಂಗಿಯದು ಶೀಟಿನ ಮನೆ, ಮಳೆಗಾಲದಲ್ಲಿ ಗೋಡೆಯೆಲ್ಲ ತೇವ. ಹಾಗಾಗಿ ಅವಳ ಮೂಟೆಗಳೂ ನಮ್ಮ ಅಟ್ಟಕ್ಕೇ ಏರಿದವು, ಹಿತ್ತಲಿನ ಬಳ್ಳಿಗಳಿಂದ ಕೊಯ್ದು ಇಟ್ಟಿದ್ದ ನನ್ನ ಮೂಟೆಗಳ ಪಕ್ಕದಲ್ಲಿ. ಗುರುತಿರಲಿ ಎಂದು ತನ್ನ ಹಳೆಯ ಹಸಿರು ಸೀರೆ ಹರಿದು ಅವುಗಳ ಬಾಯಿ ಕಟ್ಟಿದಳು.

ಹೊರದೇಶದ ಮೆಣಸು ಅಗ್ಗಕ್ಕೆ ಬರತೊಡಗಿ ರೇಟು ಕುಸಿಯಿತು. ಅಷ್ಟರಲ್ಲಿ, ಇಂತಿಷ್ಟು ಬೆಲೆಗಿಂತ ಕಮ್ಮಿಗೆ ಹೊರಗಿನ ಮೆಣಸು ತರಿಸುವಂತಿಲ್ಲ ಎಂದು ಸರ್ಕಾರ ಆದೇಶ ಮಾಡಿತು. ಹೋಟೆಲಿನಲ್ಲಿ ಅದನ್ನು ಗಟ್ಟಿಯಾಗಿ ಓದಿ, "ಇನ್ನು ರೇಟು ಇಳಿಯೋ ಮಾತೇ ಇಲ್ಲ ಕಣ್ರೀ" ಎಂದೆ. "ರೈಟ್ರು ಹೇಳಿದ್ರೆ ಸರ್ಕಾರನೇ ಹೇಳ್ದಂಗೆ ಬುಡು ಮಾರಾಯ" ಎಂದ ಒಬ್ಬ. ರೇಟು ಸ್ವಲ್ಪ ಏರಿತು ಕೂಡ.

ತಂಗಿ ಫೋನ್ ಮಾಡಿದಳು. ಮಗಳಿಗೆ ಸೀಟು ಸಿಕ್ಕಿತ್ತು, ಮುಂದಿನ ತಿಂಗಳು ಫೀಸು ಕಟ್ಟಬೇಕು. "ಮಾರ್ಬುಡಾನಾ ಅಣ್ಣ?"

"ಇನ್ನೊಂದು ಹದಿನೈದು ದಿನ ತಡಿ" ಎಂದೆ.

ಅದೇ ವಾರ ದೋಣಿಗಲ್ ಕಡೆಯ ವ್ಯಾಪಾರಿಯೊಬ್ಬ ಎಸ್ಟೇಟಿನ ಮಾಲು ನೋಡಲು ಬಂದ. ಒಂದು ಹಿಡಿ ಮೆಣಸು ಅಂಗೈಯಲ್ಲಿ ಉಜ್ಜಿ ನೋಡುತ್ತ ಮೆಲ್ಲಗೆ ಹೇಳಿದ: "ಮನೇಲಿ ಇದ್ರೆ ಈಗ್ಲೇ ಕೊಟ್ಬುಡಿ ರೈಟ್ರೆ. ಹೊರಗಿನ ಮಾಲು ಬೇರೆ ದಾರೀಲಿ ಬರ್ತಾನೇ ಐತೆ. ಪೇಪರ್ನಾಗಿನ ರೇಟು ಪೇಪರ್ನಾಗೇ."

ಮರುದಿನ ಬೆಳಿಗ್ಗೆ ಅವನ ಗಾಡಿಗೆ ನನ್ನ ಮೂಟೆಗಳನ್ನು ಹಾಕಿಸಿದೆ.

"ಹಸಿರು ಕಟ್ಟಿನವು?" ಎಂದ.

"ಅವು ಇರ್ಲಿ" ಎಂದೆ.

ಯಾಕೆ ಹಾಗೆಂದೆ? ಅವಳದಕ್ಕೆ ಇನ್ನೂ ಒಳ್ಳೆಯ ರೇಟು ಸಿಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವಳದನ್ನು ಮಾರಬೇಕಿದ್ದರೆ ಅವಳನ್ನು ಕೇಳಬೇಕಿತ್ತು. ಕೇಳಿದರೆ, ಊರಿಗೆಲ್ಲ ಇಳಿಯುವುದಿಲ್ಲ ಎಂದು ಸಾರಿದ ರೈಟರಿಗೇ ಹೆದರಿಕೆಯಾಗಿದೆ ಎಂದು ಒಪ್ಪಿಕೊಳ್ಳಬೇಕಿತ್ತು.

ಹದಿನೈದು ದಿನದಲ್ಲಿ ರೇಟು ಬಿತ್ತು. ಬೀಳುತ್ತಲೇ ಹೋಯಿತು. ಕಾಯಲು ದಿನವಿಲ್ಲದೆ ಮೂಟೆ ಇಳಿಸಲು ತಂಗಿ ಮಗಳೊಂದಿಗೆ ಬಂದಳು. ಅಟ್ಟ ಹತ್ತಿದ್ದು ಹುಡುಗಿ. ನನ್ನ ಮೂಟೆಗಳಿದ್ದ ಜಾಗದಲ್ಲಿ ಹಲಗೆಯ ಮೇಲೆ ಧೂಳಿಲ್ಲದ ಗುರುತು ಮಾತ್ರ ಇತ್ತು. ಅವಳು ಅದನ್ನು ನೋಡಿದಳು, ಆಮೇಲೆ ಬಗ್ಗಿ ನನ್ನನ್ನು ನೋಡಿದಳು.

"ಮಾವ, ನಿಮ್ಮವು?"

"ಸ್ಟೋರಲ್ಲಿ ಇಟ್ಟಿದೀನಿ."

"ಹೂಂ" ಎಂದಳು. ಒಂದೊಂದೇ ಮೂಟೆ ಜಾರಿಸಿ ಕೊಟ್ಟಳು, ನಾನು ಹೆಗಲು ಕೊಟ್ಟು ಇಳಿಸಿಕೊಂಡೆ. ಜಗಲಿಯಲ್ಲಿ ಕೂತಿದ್ದ ತಂಗಿ ನನ್ನ ಹೆಂಡತಿಗೆ ಹೇಳುತ್ತಿದ್ದಳು: "ಪಾಪ, ಅಣ್ಣಂಗೂ ಹೊಡ್ತ ಬಿತ್ತಲ್ಲ ಅತ್ತಿಗೆ."

ಬಂದ ದುಡ್ಡು ಫೀಸಿಗೆ ಸಾಲಲಿಲ್ಲ. ನನ್ನ ಹತ್ತಿರ ಇತ್ತು. ಕೊಟ್ಟರೆ ಎಲ್ಲಿಂದ ಬಂತು ಎಂದು ಹೇಳಬೇಕಾಗುತ್ತಿತ್ತು. ಕೊಡಲಿಲ್ಲ. ಸೀಟು ಬೇರೆಯವರ ಪಾಲಾಯಿತು. ಹುಡುಗಿ ದೋಣಿಗಲ್ ಹತ್ತಿರದ ಹೋಂಸ್ಟೇಯಲ್ಲಿ ಹಾಸಿಗೆ ಹಾಸುವ, ಅಡುಗೆ ಮಾಡುವ ಕೆಲಸಕ್ಕೆ ಸೇರಿದಳು. ಈಗಲೂ ಅಲ್ಲೇ ಇದ್ದಾಳೆ. ಮೆಣಸಿನ ರೇಟು ಈಗ ಮತ್ತೆ ಏರಿದೆ. ಯಾರಾದರೂ ಆ ಮಾತು ತೆಗೆದರೆ ನಾನು ಎದ್ದು ಹೋಗುತ್ತೇನೆ.

ಹೋದ ವರ್ಷ ತಂಗಿಯ ಕಾಲು ಹಿಡಿದು ಎಲ್ಲ ಹೇಳಿದೆ. ತುಂಬ ಹೊತ್ತು ಅತ್ತಳು. "ಹೋಗ್ಲಿ ಬುಡಣ್ಣ" ಎಂದಳು. ಆಮೇಲೆ ಕೇಳಿದಳು, "ಅವಳಿಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ. ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ ಎಂದು ತಂಗಿ ಮಗಳನ್ನು ಕೇಳಿದಳಂತೆ. "ನಿಂಗೆ ಇರೋದೇ ಒಬ್ಬ ಅಣ್ಣ ಕಣವ್ವ" ಎಂದಳಂತೆ ಅವಳು.

ಕಣ್ಣಿನ ಆಪರೇಷನ್ ಆದಾಗ ಮೂರು ದಿನ ರಜೆ ಹಾಕಿ ಬಂದು ನೋಡಿಕೊಂಡವಳು ಅವಳೇ. ಕೈ ತೊಳೆದು ಬಂದು, ಗಡಿಯಾರ ನೋಡಿ, ಕಣ್ಣಿಗೆ ಹನಿ ಬಿಡುತ್ತಿದ್ದಳು. "ಮೇಲೆ ನೋಡಿ ಮಾವ. ರೆಪ್ಪೆ ಬಡೀಬೇಡಿ." ಅವಳ ಮುಖ ನನ್ನ ಮುಖದ ಮೇಲೇ ಇರುತ್ತಿತ್ತು. ಒಂದು ಮಾತು, ಅಷ್ಟೇ. ಪ್ರತಿ ಸಲವೂ ಬಾಯಿ ತೆರೆದೆ, ಪ್ರತಿ ಸಲವೂ "ಉರೀತದೆ ಕಣವ್ವ" ಎಂದೆ.

ತಂಗಿಯ ಕ್ಷಮೆ ಸಿಕ್ಕಿತು. ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ಅವಳ ಮಗಳನ್ನು, ನನ್ನ ಸೋದರ ಸೊಸೆಯನ್ನು.